ಬಾತುಮರಿಯ ಕಾಲು ಸೋತರೆ ಮೊದಲು ನೋಡಬೇಕಾದದ್ದು ಮೇವಿನ ತಟ್ಟೆಯನ್ನು, ಆಮೇಲೆ ನೆಲವನ್ನು

ಪರಿಗಿ, ಹಿಂದೂಪುರ, ಮಡಕಶಿರಾ ಸುತ್ತಿನ ನಮ್ಮ ಗಡಿನಾಡು ಮಳೆ ಕಡಿಮೆಯ ಸೀಮೆ. ಆದರೂ ಕೆರೆ ತುಂಬಿದ ವರ್ಷಗಳಲ್ಲಿ ಕೆರೆಯಂಚಿನ ಮನೆಗಳಲ್ಲಿ ನಾಲ್ಕಾರು ಬಾತುಕೋಳಿ ಸಾಕುವ ಉತ್ಸಾಹ ಮೂಡುತ್ತದೆ. ಮೊಟ್ಟೆ ಮನೆಯ ಮಕ್ಕಳಿಗಾಗುತ್ತದೆ, ಮಿಕ್ಕಿದ್ದು ಸಂತೆಗೆ ಹೋಗುತ್ತದೆ. ಕೋಳಿಗೆ ಬರುವಷ್ಟು ರೋಗಗಳು ಬಾತಿಗೆ ಬರುವುದಿಲ್ಲವೆಂಬ ಮಾತೂ ಜನರನ್ನು ಇತ್ತ ಸೆಳೆಯುತ್ತದೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಬಾತುಮರಿಯ ಒಂದು ದೌರ್ಬಲ್ಯವನ್ನು ಅದು ಮರೆಮಾಚುತ್ತದೆ. ಆ ದೌರ್ಬಲ್ಯವಿರುವುದು ಅದರ ಕಾಲುಗಳಲ್ಲಿ.

ಮೊಟ್ಟೆಯೊಡೆದು ಬಂದ ಮೊದಲ ದಿನಗಳಲ್ಲಿ ಚುರುಕಾಗಿ ಓಡಾಡಿದ ಮರಿ ಎರಡನೆಯ ವಾರದಲ್ಲಿ ಕುಂಟಲಾರಂಭಿಸುತ್ತದೆ. ನಾಲ್ಕು ಹೆಜ್ಜೆ ಇಟ್ಟು ಕುಳಿತುಬಿಡುತ್ತದೆ. ಬಳಿಕ ಏಳುವುದೇ ಇಲ್ಲ. ಮನೆಯ ಹಿರಿಯರು ‘ಕಾಲು ಬಿದ್ದ ಮರಿ ಬದುಕದು’ ಎಂದು ಕೈಬಿಡುತ್ತಾರೆ. ಕೆಲವರು ದೃಷ್ಟಿಯಾಗಿದೆ ಎಂದು ಕರಿದಾರ ಕಟ್ಟುತ್ತಾರೆ. ಮರಿಯನ್ನು ನೋಡಿಕೊಳ್ಳುತ್ತಿದ್ದ ಮಗು ಅಳುತ್ತ ಶಾಲೆಗೆ ಬರುತ್ತದೆ. ವಾಸ್ತವವಾಗಿ, ಎಳೆಯ ಬಾತುಮರಿಗಳಲ್ಲಿ ಕಂಡುಬರುವ ಕಾಲಿನ ತೊಂದರೆಗಳಲ್ಲಿ ಬಹುಪಾಲು ಅಂಟುರೋಗಗಳಲ್ಲ. ಅವು ಮೇವಿನಲ್ಲಿರುವ ಕೊರತೆಯಿಂದ ಅಥವಾ ನಡೆಯುವ ನೆಲದ ದೋಷದಿಂದ ಬರುತ್ತವೆ. ಮೊದಲ ದಿನಗಳಲ್ಲೇ ಗುರುತಿಸಿದರೆ ಮರಿ ಉಳಿಯುತ್ತದೆ. ಎಲುಬು ಬಾಗಿದ ಮೇಲೆ ಯಾವ ಔಷಧವೂ ಅದನ್ನು ನೆಟ್ಟಗೆ ಮಾಡಲಾರದು. ಆದ್ದರಿಂದ ಈ ವಿಷಯದಲ್ಲಿ ಔಷಧಕ್ಕಿಂತ ತಿಳಿವಳಿಕೆಗೇ ಬೆಲೆ ಹೆಚ್ಚು.

ಬಾತಿನ ಕಾಲು ಹೇಗಿದೆ?

ಬಾತುಕೋಳಿಯ ಕಾಲಿನ ನಡುವೆ ಹಿಂದಕ್ಕೆ ಮಡಚುವ ಕೀಲನ್ನು ನಾವು ಮೊಣಕಾಲು ಎಂದು ಭಾವಿಸುತ್ತೇವೆ. ಅದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಗರಿಗಳ ಒಳಗೆ, ಹೊಟ್ಟೆಗೆ ಅಂಟಿದಂತೆ ಅಡಗಿದೆ. ಹಿಮ್ಮಡಿಯ ಕೆಳಗಿನ ಉದ್ದನೆಯ ಭಾಗ ಮತ್ತು ಬೆರಳುಗಳು ಸೇರಿ ಅದರ ಪಾದ. ಮುಂದಿನ ಮೂರು ಬೆರಳುಗಳ ನಡುವೆ ತೆಳುವಾದ ಪೊರೆಯಿದೆ. ಇದನ್ನೇ ನಮ್ಮ ಪಾಠಪುಸ್ತಕಗಳು ಜಾಲಪಾದ ಎನ್ನುತ್ತವೆ.

ಈ ಪಾದ ನೀರನ್ನು ಹಿಂದಕ್ಕೆ ತಳ್ಳಲು, ಕೆಸರಿನಲ್ಲಿ ಹೂತುಹೋಗದೆ ನಡೆಯಲು ಹೇಳಿಮಾಡಿಸಿದಂತಿದೆ. ಕಲ್ಲುಮಣ್ಣಿನ ಅಂಗಳ, ನುಣುಪಾದ ಸಿಮೆಂಟು, ಕಾದ ಬಂಡೆ ಇವು ಅದಕ್ಕೆ ಹೊಂದುವುದಿಲ್ಲ. ಕೋಳಿ ಕೊಂಬೆಯನ್ನು ಹಿಡಿದು ಕೂರುವಂತೆ ಬಾತು ನೆಲವನ್ನು ಕಾಲುಗುರಿನಿಂದ ಹಿಡಿಯಲಾರದು. ಕೋಳಿಮರಿಗೆ ಸರಿಹೋದ ಗೂಡು ಬಾತುಮರಿಗೂ ಸರಿಹೋದೀತು ಎಂದುಕೊಳ್ಳುವಲ್ಲಿಂದಲೇ ಅನೇಕ ತೊಂದರೆಗಳು ಆರಂಭವಾಗುತ್ತವೆ.

ಇನ್ನೊಂದು ಸಂಗತಿಯೆಂದರೆ ಬೆಳವಣಿಗೆಯ ವೇಗ. ಮೊಟ್ಟೆಯಿಂದ ಹೊರಬಂದಾಗ ಮರಿಯ ತೂಕ ಸುಮಾರು 45ರಿಂದ 50 ಗ್ರಾಂ. ಮಾಂಸಕ್ಕಾಗಿ ಸಾಕುವ ವಿಗೋವಾ ಸೂಪರ್–ಎಂ ತಳಿಯ ಮರಿಗಳು ಏಳೆಂಟು ವಾರಗಳಲ್ಲಿ ಎರಡು ಕಿಲೋ ದಾಟುತ್ತವೆ. ಅಂದರೆ ಹುಟ್ಟಿದಾಗಿನ ತೂಕದ ನಲವತ್ತು ಪಟ್ಟಿಗೂ ಹೆಚ್ಚು. ಮೊಟ್ಟೆಗಾಗಿ ಸಾಕುವ ಖಾಕಿ ಕ್ಯಾಂಪ್‌ಬೆಲ್ ತಳಿ ಇದಕ್ಕಿಂತ ಹಗುರ. ತಳಿ ಯಾವುದಾದರೂ ಸರಿ, ಈ ಭಾರವೆಲ್ಲ ಇನ್ನೂ ಗಟ್ಟಿಯಾಗದ ಎರಡು ಎಳೆಯ ಕಾಲುಗಳ ಮೇಲೆ ಬೀಳುತ್ತದೆ. ಮೇವಿನಲ್ಲಿ ಒಂದು ಅಂಶ ಕಡಿಮೆಯಾದರೂ ಮೊದಲು ಸೋಲುವುದು ಕಾಲು.

ಮುಖ್ಯ ಕಾರಣ: ನಿಯಾಸಿನ್ ಕೊರತೆ

ಬಾತುಮರಿಯ ಕಾಲು ಸೋಲಲು ಎಲ್ಲಕ್ಕಿಂತ ಸಾಮಾನ್ಯವಾದ ಪೋಷಣೆಯ ಕಾರಣ ನಿಯಾಸಿನ್ ಎಂಬ ಬಿ–3 ಜೀವಸತ್ವದ ಕೊರತೆ. ಒಂದು ಕಿಲೋ ಮೇವಿನಲ್ಲಿ ಕೋಳಿಮರಿಗೆ ಸುಮಾರು 27ರಿಂದ 35 ಮಿಲಿಗ್ರಾಂ ನಿಯಾಸಿನ್ ಸಾಕು. ಬಾತುಮರಿಗೆ ಸುಮಾರು 55 ಮಿಲಿಗ್ರಾಂ ಬೇಕು. ಕೋಳಿಯ ದೇಹವು ಆಹಾರದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಂಶದಿಂದ ಸ್ವಲ್ಪ ನಿಯಾಸಿನ್ ಅನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಬಾತಿನಲ್ಲಿ ಆ ಶಕ್ತಿ ತೀರ ಕಡಿಮೆ. ಹೀಗಾಗಿ ಒಂದೇ ತಟ್ಟೆಯಲ್ಲಿ ಉಂಡರೂ ಕೋಳಿಮರಿ ಓಡಾಡಿಕೊಂಡಿರುತ್ತದೆ, ಬಾತುಮರಿ ಕುಸಿಯುತ್ತದೆ.

ಲಕ್ಷಣಗಳು ಸ್ಪಷ್ಟವಾಗಿವೆ. ಮರಿ ಗುಂಪಿನ ಹಿಂದೆ ಉಳಿಯುತ್ತದೆ. ಹಿಮ್ಮಡಿಯ ಕೀಲು ದಪ್ಪವಾಗುತ್ತದೆ. ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಪಾದದ ಮೇಲೆ ನಿಲ್ಲುವ ಬದಲು ಹಿಮ್ಮಡಿಯ ಮೇಲೆ ಕುಳಿತು ತೆವಳುತ್ತದೆ. ತೂಕವೂ ಏರುವುದಿಲ್ಲ.

ನಮ್ಮ ಭಾಗದಲ್ಲಿ ಈ ಕೊರತೆ ಬರುವ ದಾರಿಯೂ ಸರಳ. ಮನೆಯಲ್ಲಿ ಉಳಿದ ರಾಗಿಮುದ್ದೆ, ಅನ್ನ, ಅಕ್ಕಿನುಚ್ಚು, ಜೋಳದ ಹಿಟ್ಟು ಇವನ್ನೇ ಮರಿಗಳಿಗೆ ಹಾಕುತ್ತೇವೆ. ಒಂದು ಕಿಲೋ ರಾಗಿಯಲ್ಲಿ ನಿಯಾಸಿನ್ ಇರುವುದು ಸುಮಾರು 11ರಿಂದ 13 ಮಿಲಿಗ್ರಾಂ ಮಾತ್ರ. ಬೇಕಾದದ್ದರ ಕಾಲುಭಾಗವೂ ಇಲ್ಲ. ಮುಸುಕಿನ ಜೋಳದಲ್ಲಿ ಇರುವ ಅಲ್ಪ ನಿಯಾಸಿನ್ ಕೂಡ ಬೇರೆ ವಸ್ತುಗಳೊಂದಿಗೆ ಬಿಗಿಯಾಗಿ ಸೇರಿಕೊಂಡಿರುವುದರಿಂದ ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ. ರಾಗಿ ನಮಗೆ ಒಳ್ಳೆಯ ಆಹಾರ, ಅದರಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. ಆದರೆ ಅದೊಂದನ್ನೇ ನಂಬಿದ ಬಾತುಮರಿಯ ಕಾಲು ನಿಲ್ಲದು.

ಇದೇ ಜೀವಸತ್ವದ ಕೊರತೆ ಮನುಷ್ಯರಲ್ಲಿ ಪೆಲಾಗ್ರ ಎಂಬ ಕಾಯಿಲೆಯನ್ನು ತರುತ್ತದೆ. ಬಿಸಿಲಿಗೆ ತೆರೆದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು ಅದರ ಗುರುತುಗಳು. ಅಮೆರಿಕದ ದಕ್ಷಿಣ ಭಾಗದಲ್ಲಿ ಮುಸುಕಿನ ಜೋಳವನ್ನೇ ಉಣ್ಣುತ್ತಿದ್ದ ಬಡವರಲ್ಲಿ ಇದು ಹರಡಿದ್ದಾಗ ಜನ ಅದನ್ನು ಅಂಟುರೋಗವೆಂದೇ ನಂಬಿದ್ದರು. ಅದು ಆಹಾರದ ಕೊರತೆಯೆಂದು ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. ಕೊರತೆಯಾದ ವಸ್ತು ಯಾವುದೆಂಬುದು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಅವರ ಸಂಶೋಧನೆಯಿಂದ ತಿಳಿಯಿತು. ನಮ್ಮ ದಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳವನ್ನೇ ನಂಬಿದ ಬಡವರಲ್ಲಿಯೂ ಪೆಲಾಗ್ರ ಕಾಣುತ್ತಿದ್ದುದನ್ನು 1960ರಲ್ಲಿ ಹೈದರಾಬಾದಿನ ಪೋಷಣಾ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ ಲೋಕದ ಗಮನಕ್ಕೆ ತಂದರು. ಮನುಷ್ಯರ ಕಾಯಿಲೆಯನ್ನೇ ಅಂಟುರೋಗವೆಂದು ತಪ್ಪಾಗಿ ತಿಳಿದಿದ್ದರು ಎಂದ ಮೇಲೆ ಬಾತುಮರಿಯ ಕುಂಟನ್ನು ನಾವು ತಪ್ಪಾಗಿ ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಕೊರತೆಯನ್ನು ತುಂಬುವುದು ಹೇಗೆ?

ಎಲ್ಲಕ್ಕಿಂತ ಒಳ್ಳೆಯ ದಾರಿ ಬಾತುಮರಿಗಳಿಗೆಂದೇ ತಯಾರಾದ ಆರಂಭಿಕ ಮೇವು. ಅದು ಎಲ್ಲೆಡೆ ದೊರೆಯುವುದಿಲ್ಲ. ಕೋಳಿಮರಿಯ ಆರಂಭಿಕ ಮೇವನ್ನು ಬಳಸುವುದಾದರೆ ಅದಕ್ಕೆ ನಿಯಾಸಿನ್ ಸೇರಿಸಬೇಕು. ಅದನ್ನು ಎರಡು ರೀತಿಯಲ್ಲಿ ಮಾಡಬಹುದು.

ಮೊದಲನೆಯದು ಬ್ರೂವರ್ಸ್ ಈಸ್ಟ್. ಪಶು ಆಹಾರದ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಒಂದು ಕಿಲೋ ಮೇವಿಗೆ ಸುಮಾರು 50 ಗ್ರಾಂ ಬೆರೆಸಬೇಕು. ಬ್ರೆಡ್ಡು, ಬನ್ನು ಉಬ್ಬಿಸಲು ಬಳಸುವ ಜೀವಂತ ಈಸ್ಟ್ ಬೇರೆ. ಅದನ್ನು ಹಾಕಬಾರದು.

ಎರಡನೆಯದು ನೀರಿನಲ್ಲಿ ನಿಯಾಸಿನ್. ನಾಲ್ಕು ಲೀಟರ್ ಕುಡಿಯುವ ನೀರಿಗೆ 100ರಿಂದ 150 ಮಿಲಿಗ್ರಾಂ, ಅಂದರೆ ಲೀಟರಿಗೆ 25ರಿಂದ 37.5 ಮಿಲಿಗ್ರಾಂ. ಈ ನೀರನ್ನು ದಿನವೂ ಹೊಸದಾಗಿ ಕಲಸಬೇಕು. ಆಗಲೇ ಕಾಲು ಸೋತಿರುವ ಮರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ಪಶುವೈದ್ಯರು ನಿರ್ಧರಿಸಲಿ. ಬೇಗ ಆರಂಭಿಸಿದರೆ ಕೆಲವೇ ದಿನಗಳಲ್ಲಿ ಮರಿ ಎದ್ದು ನಿಲ್ಲುವುದನ್ನು ಕಾಣಬಹುದು. ಎದ್ದಿತೆಂದು ನಿಲ್ಲಿಸಬಾರದು. ಎಂಟು, ಹತ್ತು ವಾರ ತುಂಬುವವರೆಗೆ ಮುಂದುವರಿಸಬೇಕು.

ಅಂಗಡಿಯ ವಸ್ತು ಕೈಗೆಟುಕದವರಿಗೆ ನಮ್ಮ ಹೊಲವೇ ಒಂದು ಉತ್ತರ ಕೊಟ್ಟಿದೆ. ಅದು ಕಡಲೆಕಾಯಿ. ಒಂದು ಕಿಲೋ ಕಡಲೆಬೀಜದಲ್ಲಿ ಸುಮಾರು 120 ಮಿಲಿಗ್ರಾಂ ನಿಯಾಸಿನ್ ಇದೆ. ಎಣ್ಣೆ ತೆಗೆದ ಹಿಂಡಿಯಲ್ಲಿ ಇನ್ನೂ ಹೆಚ್ಚು, ಸುಮಾರು 160 ಮಿಲಿಗ್ರಾಂ. ಮಕ್ಕಳು ಲೆಕ್ಕ ಹಾಕಿ ನೋಡಲಿ. 800 ಗ್ರಾಂ ರಾಗಿ ಹಿಟ್ಟು ಅಥವಾ ಅಕ್ಕಿನುಚ್ಚು, 200 ಗ್ರಾಂ ಹಿಂಡಿ ಬೆರೆಸಿದರೆ ಧಾನ್ಯದಿಂದ ಸುಮಾರು 10, ಹಿಂಡಿಯಿಂದ ಸುಮಾರು 32, ಒಟ್ಟು 42 ಮಿಲಿಗ್ರಾಂ. ಐವತ್ತೈದಕ್ಕೆ ಇನ್ನೂ 13 ಬೇಕು. ಇದನ್ನು ಸ್ವಲ್ಪ ಈಸ್ಟ್, ಪುಡಿ ಮಾಡಿದ ಒಣಮೀನು, ಅಕ್ಕಿ ತೌಡು ತುಂಬಬಲ್ಲವು. ಎರೆಹುಳು, ಕೀಟ, ಹಸಿರು ಸೊಪ್ಪು ಮೇಯಲು ಬಿಟ್ಟರೆ ಮೇವಿನ ಇತರ ಕೊರತೆಗಳೂ ಕಡಿಮೆಯಾಗುತ್ತವೆ. ಮೊದಲ ಮೂರು ವಾರ ಮೇವಿನಲ್ಲಿ ಪ್ರೋಟೀನು ಶೇ. 20ರಷ್ಟಾದರೂ ಇರಬೇಕು. ಒಣಮೀನು ಅದಕ್ಕೂ ನೆರವಾಗುತ್ತದೆ.

ಹಿಂಡಿಯೇ ವಿಷವಾದಾಗ

ಈ ಸಲಹೆಯ ಜೊತೆಯಲ್ಲೇ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಸಲಹೆಯಿಂದ ಕೇಡೇ ಹೆಚ್ಚಾದೀತು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಷ್ಟು ಬೇಗ ಬಾತುಮರಿಯನ್ನು ಕೊಲ್ಲುವ ಮೇವು ಮತ್ತೊಂದಿಲ್ಲ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬಾತುಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಕಾರಣ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ. ಅದರ ಮೇಲೆ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಒಂದು ವಿಷವನ್ನು ಸ್ರವಿಸಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಯಾವ ಪ್ರಾಣಿಗೆ ಈ ವಿಷ ಹೆಚ್ಚು ತಾಗುತ್ತದೆ ಎಂದು ಪರೀಕ್ಷಿಸಿದಾಗ ಒಂದು ದಿನದ ಬಾತುಮರಿ ಅತ್ಯಂತ ಸೂಕ್ಷ್ಮವೆಂದು ಕಂಡುಬಂತು. ಮೇವಿನಲ್ಲಿ ವಿಷವಿದೆಯೇ ಎಂದು ತಿಳಿಯಲು ಪ್ರಯೋಗಾಲಯಗಳು ಬಾತುಮರಿಯನ್ನೇ ಬಹುಕಾಲ ಅಳತೆಗೋಲಾಗಿ ಬಳಸಿದವು.

ನಮ್ಮ ಅನಂತಪುರ ಸೀಮೆಗೆ ಈ ಕಥೆ ದೂರದ್ದಲ್ಲ. ಕಡಲೆಕಾಯಿ ಕಟ್ಟಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಶಿಲೀಂಧ್ರ ಮಣ್ಣಿನಲ್ಲಿಯೇ ಕಾಯೊಳಗೆ ಸೇರುತ್ತದೆ. ಕಿತ್ತ ಕಾಯನ್ನು ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ ಅಲ್ಲಿಯೂ ಬೆಳೆಯುತ್ತದೆ. ಮುದುಡಿದ, ಬಣ್ಣಗೆಟ್ಟ, ಹುಳ ಕೊರೆದ ಬೀಜವನ್ನು ಆರಿಸಿ ತೆಗೆದಾಗ ಅದು ಗಾಣಕ್ಕೋ ಕೋಳಿಗೂಡಿಗೋ ಹೋಗುತ್ತದೆ. ಅಲ್ಲಿಗೆ ವಿಷವೂ ಹೋಗುತ್ತದೆ.

ಈ ವಿಷ ತಾಗಿದ ಬಾತುಮರಿಯೂ ಕುಂಟುತ್ತದೆ. ಆದರೆ ಗುರುತು ಬೇರೆ. ಮೇವು ಬಿಡುತ್ತದೆ, ವಿಚಿತ್ರವಾಗಿ ಕೂಗುತ್ತದೆ, ಗರಿ ಕಿತ್ತುಕೊಳ್ಳುತ್ತದೆ. ಚರ್ಮದ ಕೆಳಗೆ ರಕ್ತ ಒಸರುವುದರಿಂದ ಕಾಲು, ಪಾದಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಕೊನೆಗೆ ತೂರಾಡಿ, ಕತ್ತನ್ನು ಹಿಂದಕ್ಕೆ ಸೆಳೆದುಕೊಂಡು ಸಾಯುತ್ತದೆ. ನಿಯಾಸಿನ್ ಕೊರತೆಯಲ್ಲಿ ಕಾಲು ಬಾಗುತ್ತದೆ, ಕೀಲು ದಪ್ಪವಾಗುತ್ತದೆ, ಪಾದದ ಬಣ್ಣ ಮಾತ್ರ ಹಾಗೆಯೇ ಇರುತ್ತದೆ. ಈ ವ್ಯತ್ಯಾಸವನ್ನು ಮನೆಯವರೆಲ್ಲ ನೆನಪಿಡಬೇಕು. ಕೊರತೆಯೆಂದು ಭಾವಿಸಿ ಅದೇ ಹಿಂಡಿಯನ್ನು ಇನ್ನಷ್ಟು ಹಾಕಿದರೆ ಉಳಿದ ಮರಿಗಳೂ ಸಾಯುತ್ತವೆ.

ಹುರಿದರೆ, ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಒಲೆಯ ಶಾಖಕ್ಕೆ ಅಫ್ಲಾಟಾಕ್ಸಿನ್ ಪೂರ್ತಿ ನಾಶವಾಗುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷವಿರಬಹುದು. ಆದ್ದರಿಂದ ಹೊಸದಾಗಿ ಗಾಣದಿಂದ ಬಂದ, ಒಣಗಿದ, ಮುಗ್ಗುಲು ವಾಸನೆಯಿಲ್ಲದ ಹಿಂಡಿಯನ್ನು ಮಾತ್ರ ತರಬೇಕು. ಸ್ವಲ್ಪ ಸ್ವಲ್ಪವಾಗಿಯೇ ತರಬೇಕು. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗಾಳಿಯಾಡುವಲ್ಲಿ ಇಡಬೇಕು. ಮನೆಯ ಕಾಯಿಯನ್ನು ಗಾಣಕ್ಕೆ ಕೊಡುವವರು ತೇವಾಂಶ ಶೇ. 8ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು ಎಂದು ಹಿರಿಯರು ಹೇಳುವುದು ಇದನ್ನೇ. ಸಂದೇಹವಿರುವ ಹಿಂಡಿಯನ್ನು ಮರಿಗೆ ಹಾಕುವುದಕ್ಕಿಂತ ಹಿಂಡಿಯಿಲ್ಲದೆ ಈಸ್ಟ್ ಮಾತ್ರ ಹಾಕುವುದು ಲೇಸು.

ಬಾತಿಗೆ ಒಣಹಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುವುದರಿಂದ ಮೇವನ್ನು ಕಲಸಿ ಹಾಕಬೇಕಾಗುತ್ತದೆ. ಕಲಸಿದ ಮೇವು ನಮ್ಮ ಬಿಸಿಲಿಗೆ ಬೇಗ ಹಳಸುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಕಲಸಿ, ಉಳಿದದ್ದನ್ನು ಎಸೆದು, ತಟ್ಟೆಯನ್ನು ತೊಳೆಯಬೇಕು. ರಾತ್ರಿ ಉಳಿದ ಮೇವನ್ನು ಬೆಳಿಗ್ಗೆ ಹಾಕಬಾರದು.

ಸುಣ್ಣದಂಶ ಮತ್ತು ಬಿಸಿಲು

ಎಲುಬು ಗಟ್ಟಿಯಾಗಲು ಕ್ಯಾಲ್ಸಿಯಂ, ರಂಜಕ ಮತ್ತು ಡಿ ಜೀವಸತ್ವ ಬೇಕು. ದಿನವಿಡೀ ಕತ್ತಲ ಕೋಣೆಯಲ್ಲಿ, ಡಬ್ಬದಲ್ಲಿ ಬೆಳೆದ ಮರಿಯ ಎಲುಬು ಮೆತ್ತಗಾಗುತ್ತದೆ. ಕೊಕ್ಕನ್ನು ಮೃದುವಾಗಿ ಒತ್ತಿದರೆ ರಬ್ಬರಿನಂತೆ ಬಾಗುತ್ತದೆ. ಇದು ರಿಕೆಟ್ಸ್. ಬೆಳಗಿನ ಎಳೆಬಿಸಿಲಿನಲ್ಲಿ ದಿನವೂ ಸ್ವಲ್ಪ ಹೊತ್ತು ಓಡಾಡಲು ಬಿಡುವುದು ಇದಕ್ಕೆ ಸುಲಭದ ಉಪಾಯ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಸಾಲದು. ಹಾಗೆಂದು ಮೊಟ್ಟೆಯಿಡುವ ಕೋಳಿಗಳ ಮೇವನ್ನು ಮರಿಗೆ ಹಾಕಬಾರದು. ಅದರಲ್ಲಿ ಕ್ಯಾಲ್ಸಿಯಂ ಶೇ. 3ಕ್ಕಿಂತ ಹೆಚ್ಚಿರುತ್ತದೆ. ಎಳೆಯ ಮರಿಗೆ ಶೇ. 1ರೊಳಗೆ ಸಾಕು. ಹೆಚ್ಚಾದದ್ದು ಮೂತ್ರಪಿಂಡವನ್ನು ಕೆಡಿಸುತ್ತದೆ.

ಮ್ಯಾಂಗನೀಸ್, ಕೋಲಿನ್ ಮುಂತಾದವುಗಳ ಕೊರತೆಯಲ್ಲಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ತನ್ನ ಜಾಗದಿಂದ ಜಾರುತ್ತದೆ. ಒಂದು ಕಾಲು ಇದ್ದಕ್ಕಿದ್ದಂತೆ ಹೊರಕ್ಕೆ ತಿರುಗಿ, ಹಿಮ್ಮಡಿ ಊದಿ, ಹಿಂಭಾಗ ಚಪ್ಪಟೆಯಾಗಿ ಕಾಣುತ್ತದೆ. ಇದು ಮನೆಯಲ್ಲಿ ಎಳೆದು ಸರಿಪಡಿಸುವ ಕೆಲಸವಲ್ಲ. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ನೆಲದ ದೋಷಗಳು

ಮೇವು ಸರಿಯಿದ್ದೂ ಕಾಲು ಕೆಟ್ಟರೆ ನೆಲವನ್ನು ನೋಡಿ. ರಟ್ಟಿನ ಡಬ್ಬದಲ್ಲಿ ದಿನಪತ್ರಿಕೆ ಹಾಸಿ ಮರಿಗಳನ್ನು ಬಿಡುವುದು ನಮ್ಮಲ್ಲಿ ರೂಢಿ. ಒದ್ದೆಯಾದ ಕಾಗದದ ಮೇಲೆ ಎಳೆಯ ಪಾದ ಜಾರಿ ಎರಡು ಕಾಲುಗಳೂ ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ಕಾಗದದ ಬದಲು ಹಳೆಯ ಗೋಣಿತಾಟು ಹಾಸಿದರೆ ಪಾದಕ್ಕೆ ಹಿಡಿತ ಸಿಗುತ್ತದೆ. ದೂರದಿಂದ ಮರಿಗಳನ್ನು ತರುವಾಗಲೂ ಪೆಟ್ಟಿಗೆಯ ತಳಕ್ಕೆ ಗೋಣಿಯನ್ನೇ ಹಾಕಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಿಂದ ಬಾತುಮರಿ ತರುವ ಕುಟುಂಬಗಳಿಗೆ ಈ ಮಾತು ಮುಖ್ಯ.

ಕಾಲು ಚಾಚಿಕೊಂಡ ಮರಿಗೆ ಮೊದಲ ಎರಡು ಮೂರು ದಿನಗಳಲ್ಲೇ ಉಪಚಾರ ಮಾಡಿದರೆ ಗುಣವಾಗುತ್ತದೆ. ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಎಂಟರ ಆಕಾರದಲ್ಲಿ ಎರಡೂ ಕಾಲಿಗೆ ಸಡಿಲವಾಗಿ ಸುತ್ತಿ, ಕಾಲುಗಳು ಸಹಜ ಅಂತರದಲ್ಲಿ ದೇಹದ ಕೆಳಗೆ ನಿಲ್ಲುವಂತೆ ಮಾಡಬೇಕು. ಮರಿ ಬೇಗ ಬೆಳೆಯುವುದರಿಂದ ದಿನವೂ ಬಿಚ್ಚಿ ಹೊಸದಾಗಿ ಕಟ್ಟಬೇಕು. ಮೂರು ನಾಲ್ಕು ದಿನ ಸಾಕು. ಪಟ್ಟಿ ಇರುವಾಗ ನೀರಿಗೆ ಬಿಡಬಾರದು.

ಹಾಸಿಗೆ ಭತ್ತದ ಹೊಟ್ಟನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಬಳಸುವವರು ಅದು ಒಣಗಿರುವಂತೆ ನೋಡಿಕೊಳ್ಳಬೇಕು. ಬಾತುಗಳು ನೀರು ಚೆಲ್ಲುವುದು ಸಹಜ. ಒದ್ದೆ ಹಾಸಿನಲ್ಲಿ ಪಾದದ ಚರ್ಮ ನೆನೆದು ಬಿರಿಯುತ್ತದೆ. ಸಿಪ್ಪೆಯಲ್ಲಿ ಬೂಷ್ಟು ಬೆಳೆದು ಉಸಿರಿನ ರೋಗ ತರುತ್ತದೆ. ನೀರಿನ ತಟ್ಟೆಯನ್ನು ಜಾಲರಿಯ ಮೇಲಿಟ್ಟರೆ ಚೆಲ್ಲಿದ ನೀರು ಕೆಳಗಿಳಿಯುತ್ತದೆ. ತಟ್ಟೆಯಲ್ಲಿ ಎರಡು ಮೂರು ಅಂಗುಲ ನೀರಿರಲಿ. ಕೊಕ್ಕು ಮುಳುಗಬೇಕು, ಮರಿ ಮುಳುಗಬಾರದು. ಮೊದಲ ವಾರ ಗೂಡಿನ ಶಾಖ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಳಿಕ ಕ್ರಮೇಣ ಇಳಿಸಬಹುದು.

ಕಲ್ಲು, ಮುಳ್ಳು ಚುಚ್ಚಿದ ಅಂಗಾಲಿನಲ್ಲಿ ಕೀವಾಗಿ, ಮೇಲೆ ಕಪ್ಪು ಹೊರಪದರ ಕಟ್ಟಿದ ಗಂಟು ಏಳುತ್ತದೆ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಮುಖ್ಯ ಕಾರಣ. ಆರಂಭದಲ್ಲಿ ಎಪ್ಸಮ್ ಉಪ್ಪು ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಪಾದವನ್ನು ಹತ್ತು ಹದಿನೈದು ನಿಮಿಷ ಇಟ್ಟು, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಒಣಹಾಸಿನಲ್ಲಿ ಬಿಡಬೇಕು. ಗಂಟನ್ನು ಬ್ಲೇಡಿನಿಂದ ಕೊಯ್ಯಬಾರದು. ಆ ಕೀವು ಮನುಷ್ಯರಿಗೂ ತಾಗಬಲ್ಲದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು.

ರೇಷ್ಮೆ ಸಾಕುವ ಮನೆಗಳಲ್ಲಿ ಇನ್ನೂ ಎರಡು ಅಪಾಯಗಳಿವೆ. ಚಂದ್ರಿಕೆಯಿಂದ ಬಿದ್ದ ನೂಲು, ಚೀಲದ ಪ್ಲಾಸ್ಟಿಕ್ ದಾರ, ತಲೆಗೂದಲು ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತವೆ. ಬೆರಳು ಊದಿದ್ದರೆ ಬೆಳಕಿನಲ್ಲಿ ಹಿಡಿದು ದಾರವಿದೆಯೇ ಎಂದು ನೋಡಿ. ನೆಲಕ್ಕೆ ಎರಚಿದ ಸುಣ್ಣ, ಬ್ಲೀಚಿಂಗ್ ಪುಡಿ ಒದ್ದೆ ಪಾದದ ಪೊರೆಯನ್ನು ಸುಡುತ್ತವೆ. ಗುರುತಿಗಾಗಲಿ ದೃಷ್ಟಿಗಾಗಲಿ ಮರಿಯ ಕಾಲಿಗೆ ದಾರ ಕಟ್ಟಲೇಬಾರದು. ಕಾಲು ದಪ್ಪವಾಗುತ್ತದೆ, ದಾರ ಬೆಳೆಯುವುದಿಲ್ಲ.

ಕೋಳಿಯನ್ನು ಹಿಡಿಯುವಂತೆ ಬಾತನ್ನು ಕಾಲು ಹಿಡಿದು ಎತ್ತುವುದೂ ಸಲ್ಲದು. ಕೀಲು ತಪ್ಪುತ್ತದೆ, ಎಲುಬು ಮುರಿಯುತ್ತದೆ. ಎರಡೂ ಕೈಗಳಿಂದ ಹೊಟ್ಟೆಯ ಕೆಳಗೆ ಆಸರೆ ಕೊಟ್ಟು ಎತ್ತಬೇಕು. ಮಕ್ಕಳಿಗೆ ಮೊದಲು ಕಲಿಸಬೇಕಾದ ಪಾಠ ಇದು.

ಕುಂಟುವ ಮರಿಯ ಆರೈಕೆ

ಕುಂಟುವ ಮರಿಯನ್ನು ಬೇರೆ ಮಾಡಿ, ಆದರೆ ಉಳಿದ ಮರಿಗಳ ಕಣ್ಣಿಗೆ ಕಾಣುವಲ್ಲಿ, ಜಾಲರಿಯಾಚೆ ಇಡಿ. ಗುಂಪಿನಲ್ಲೇ ಬಿಟ್ಟರೆ ತುಳಿತಕ್ಕೆ ಸಿಕ್ಕುತ್ತದೆ. ಪೂರ್ತಿ ಒಂಟಿಯಾದರೆ ಕೂಗಿ ಕೂಗಿ ಮೇವು ಬಿಡುತ್ತದೆ. ಮೇವು, ನೀರು ಕುಳಿತಲ್ಲೇ ಎಟುಕಬೇಕು. ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಹೊಟ್ಟೆಗೆ ಕೈಯಾಸರೆ ಕೊಟ್ಟು ಐದು ಹತ್ತು ನಿಮಿಷ ಈಜಿಸಿದರೆ ಭಾರ ಬೀಳದೆ ಕಾಲಿಗೆ ವ್ಯಾಯಾಮವಾಗುತ್ತದೆ. ಬಳಿಕ ಒರೆಸಿ ಬೆಚ್ಚಗಿಡಬೇಕು. ತಾಯಿಯಿಲ್ಲದೆ ಬೆಳೆದ ಮರಿಯ ಗರಿಗೆ ಎಣ್ಣೆಯ ಲೇಪ ಇನ್ನೂ ಬಂದಿರುವುದಿಲ್ಲವಾದ್ದರಿಂದ ಅದು ನೆನೆದು ನಡುಗುತ್ತದೆ. ನಾವು ನುಂಗುವ ನೋವಿನ ಮಾತ್ರೆಗಳನ್ನು ಮರಿಗೆ ಕೊಡಬಾರದು.

ಕೆಲವು ಸಂದರ್ಭಗಳಲ್ಲಿ ಮನೆಮದ್ದಿಗೆ ಕಾಯಬಾರದು. ಹಲವು ಮರಿಗಳು ಒಟ್ಟಿಗೆ ಬಿದ್ದು ಕತ್ತು ಹಿಂದಕ್ಕೆ ಸೆಳೆದು ಕಾಲು ಬಡಿದರೆ ಅದು ವೈರಾಣುವಿನ ಯಕೃತ್ತಿನ ರೋಗವಾಗಿರಬಹುದು. ಬೇಸಿಗೆಯಲ್ಲಿ ಕೆರೆ ಬತ್ತಿ ಉಳಿದ ಕೊಳೆನೀರಿನಲ್ಲಿ ಮೇದ ಬಾತುಗಳ ಕಾಲು, ಬಳಿಕ ರೆಕ್ಕೆ, ಕತ್ತು ಜೋಲುಬಿದ್ದರೆ ಅದು ಬೊಟುಲಿಸಂ ವಿಷವಿರಬಹುದು. ಕೀಲು ಬಿಸಿಯಾಗಿ ಊದಿ, ಕಣ್ಣು ಮೂಗು ಸೋರಿದರೆ ಬ್ಯಾಕ್ಟೀರಿಯಾ ಸೋಂಕಿರಬಹುದು. ಸತ್ತ ಪಕ್ಷಿಗಳನ್ನು ಬರಿಗೈಯಲ್ಲಿ ಮುಟ್ಟದೆ, ಕೆರೆಗೆ ಎಸೆಯದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಊರಿನ ರೈತು ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು. ಸಂಚಾರಿ ಪಶುಚಿಕಿತ್ಸೆಗೆ 1962 ಉಚಿತ ದೂರವಾಣಿ ಸಂಖ್ಯೆ ಇದೆ.

ಆಸ್ಪತ್ರೆಯ ಬಾಗಿಲಲ್ಲಿ ಭಾಷೆ

ನಮ್ಮ ಮಕ್ಕಳು ಜಾಲಪಾದವನ್ನು ಕನ್ನಡದಲ್ಲಿ ಕಲಿಯುತ್ತಾರೆ. ಪಶು ಆಸ್ಪತ್ರೆಯ ಮಾತು, ಮೇವಿನ ಚೀಲದ ಮೇಲಿನ ಬರಹ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಈ ಅಂತರದಿಂದ ಮರಿಯ ಲಕ್ಷಣ ಸರಿಯಾಗಿ ಗೊತ್ತಿದ್ದರೂ ಅದನ್ನು ಹೇಳಲಾರದೆ ಸುಮ್ಮನಾಗುವ ಮಕ್ಕಳಿದ್ದಾರೆ, ತಾಯಂದಿರಿದ್ದಾರೆ. ಹಿಂಜರಿಯಬೇಕಾಗಿಲ್ಲ. ಎರಡು ನುಡಿಗಳ ಮಾತುಗಳು ಇಲ್ಲಿ ನೆರೆಮನೆಯವರಷ್ಟು ಹತ್ತಿರ. ಬಾತುಕೋಳಿ ಅಲ್ಲಿ ‘ಬಾತು’. ಕುಂಟುವುದು ‘ಕುಂಟಡಂ’. ಬಾವು ‘ವಾಪು’. ತೌಡು ‘ತವುಡು’. ಬೂಷ್ಟು ‘ಬೂಜು’. ಕಡಲೆಕಾಯಿ ಹಿಂಡಿ ಮಾತ್ರ ಬೇರೆ, ‘ವೇರುಶನಗ ಚೆಕ್ಕ’. ಈ ಆರು ಮಾತು ತಿಳಿದಿದ್ದರೆ ಕಾಯಿಲೆಯ ಮುಕ್ಕಾಲು ಪಾಲನ್ನು ವಿವರಿಸಬಹುದು.

ಆಸ್ಪತ್ರೆಗೆ ಹೋಗುವ ಮುನ್ನ ಮಕ್ಕಳಿಂದಲೇ ಒಂದು ಚೀಟಿ ಬರೆಸಿ. ಮರಿಗೆ ಎಷ್ಟು ದಿನ, ಏನು ಮೇವು, ಹಿಂಡಿ ಯಾವಾಗ ತಂದದ್ದು, ಕುಂಟು ಎಂದು ಆರಂಭವಾಯಿತು, ಒಂದು ಕಾಲೋ ಎರಡೂ ಕಾಲೋ, ಪಾದದ ಬಣ್ಣವೇನು, ಎಷ್ಟು ಮರಿಗಳಿಗೆ ಹೀಗಾಗಿದೆ. ಸಾಧ್ಯವಾದರೆ ಹಾಕಿದ ಮೇವಿನ ಒಂದು ಹಿಡಿಯನ್ನೂ ಕೊಂಡೊಯ್ಯಿರಿ. ವೈದ್ಯರಿಗೆ ಬೇಕಾದ ಮಾಹಿತಿ ಇಷ್ಟೇ.

ಮನೆಯಲ್ಲಿ ಮರಿಗಳಿರುವವರು ಮೊದಲ ಆರು ವಾರ ದಿನಕ್ಕೊಮ್ಮೆ ಐದು ನೋಟ ನೋಡಬೇಕು. ಮರಿ ನಡೆಯುವ ರೀತಿ, ಹಿಮ್ಮಡಿಯ ಕೀಲು, ಅಂಗಾಲು, ಬೆರಳುಗಳು, ಕೊಕ್ಕು. ಇದಕ್ಕೆ ಐದು ನಿಮಿಷವೂ ಹಿಡಿಯದು. ಈ ನೋಟವನ್ನು ಮಗುವಿಗೆ ವಹಿಸಿ, ದಿನಾಂಕದೊಂದಿಗೆ ಕನ್ನಡದಲ್ಲಿ ನೋಟುಪುಸ್ತಕದಲ್ಲಿ ಬರೆದಿಡಲು ಹೇಳಿ. ವಾರಕ್ಕೊಮ್ಮೆ ತೂಕವನ್ನೂ ಬರೆಯಲಿ. ಕುಂಟು ಕಣ್ಣಿಗೆ ಬೀಳುವ ಮೊದಲೇ ತೂಕ ನಿಂತದ್ದು ಆ ಪುಟದಲ್ಲಿ ಕಾಣಿಸುತ್ತದೆ. ಅಂದೇ ಮೇವಿನ ತಟ್ಟೆಯನ್ನು ಪರೀಕ್ಷಿಸಿದರೆ ಮರಿ ಉಳಿಯುತ್ತದೆ.